ದೋಹಾದಲ್ಲಿ ಹಿಮದ ಬೂಟು ತೊಡಿಸಿದ ವರ್ಷಗಳು

ನನ್ನ ತಂಗಿಯ ಮಗಳು ರೆನಿಟಾ ಇತ್ತೀಚೆಗೆ ದೋಹಾದಲ್ಲಿ ಕ್ರೀಡಾ ಸಾಮಾನಿನ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದಳು. ಸೇರಿದ ವಾರವೇ ಫೋನು ಮಾಡಿ, "ಮಾವ್ಶಿ, ನನ್ನನ್ನು ಚಳಿಗಾಲದ ಸೆಕ್ಷನ್ನಿಗೆ ಹಾಕಿದ್ದಾರೆ. ಸ್ಕೀ ಎಂತದು, ಸ್ನೋಬೋರ್ಡ್ ಎಂತದು, ಒಂದೂ ತಲೆಗೆ ಹೋಗುವುದಿಲ್ಲ. ನೀವು ಅಷ್ಟು ವರ್ಷ ಹೇಗೆ ಮಾಡಿದ್ರಿ?" ಎಂದು ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಅವಳು ಶಿರ್ವದಲ್ಲಿ ಕನ್ನಡ ಶಾಲೆಗೆ ಹೋದವಳು, ಬರೆದು ಕಳಿಸಿದರೆ ಓದುತ್ತಾಳೆ. ಹಾಗೆಂದು ಬರೆಯಲು ಕುಳಿತೆ. ಅವಳಂತೆ ಹೊಸದಾಗಿ ಕೌಂಟರಿನ ಹಿಂದೆ ನಿಂತ ಬೇರೆ ಮಕ್ಕಳಿಗೂ ಪ್ರಯೋಜನಕ್ಕೆ ಬಂದರೆ ಸಂತೋಷ.

ನಾನು ಕತಾರಿಗೆ ಹೋದದ್ದು ಮದುವೆಯಾಗಿ, ಗಂಡನ ಹಿಂದೆ. ವಿಲ್ಫ್ರೆಡ್ ಮೆಸಯೀದಿನ ಕಾರ್ಖಾನೆಯೊಂದರಲ್ಲಿ ಟೆಕ್ನಿಶಿಯನ್. ಬೆಳಕು ಹರಿಯುವ ಮೊದಲೇ ಕಂಪೆನಿಯ ಬಸ್ಸು ಹತ್ತಿದರೆ ಮನೆ ಕಾಣುತ್ತಿದ್ದುದು ಸಂಜೆಗೆ. ಮೊದಲು ಅಲ್ ಹಿಲಾಲಿನಲ್ಲಿ ಸಣ್ಣ ಫ್ಲ್ಯಾಟು. ಮಕ್ಕಳು ಬೆಳೆದ ಮೇಲೆ ಐನ್ ಖಾಲಿದಿನಲ್ಲಿ ವಿಲ್ಲಾವೊಂದರ ಒಂದು ಭಾಗ. ಮಕ್ಕಳಿಬ್ಬರೂ ಶಾಲೆಗೆ ಹೋಗಲು ಶುರು ಮಾಡಿದಾಗ ನಾನೂ ಕೆಲಸ ಹುಡುಕಿದೆ. ಪಿಯುಸಿ ಓದಿದವಳಿಗೆ ಸಿಕ್ಕಿದ್ದು ದೊಡ್ಡ ಕ್ರೀಡಾ ಮಳಿಗೆಯೊಂದರಲ್ಲಿ ಮಕ್ಕಳ ಶಾಲಾ ಶೂ ವಿಭಾಗ. ಊರಿಗೆ ವಿಷಯ ತಿಳಿಸಿದಾಗ ಅತ್ತೆಗೆ ಅಷ್ಟು ಹಿಡಿಸಲಿಲ್ಲ. "ಯಾರ್ಯಾರದೋ ಕಾಲು ಹಿಡಿಯುವ ಕೆಲಸಕ್ಕೆ ದೋಹಾದವರೆಗೆ ಹೋಗಬೇಕಿತ್ತಾ?" ಎಂದರಂತೆ. ವಿಲ್ಫ್ರೆಡ್ ಮಾತ್ರ, "ಹಿಡಿ ಹಿಡಿ, ಕೈ ಹಿಡಿದವನನ್ನು ಬಿಡಬೇಡ, ಅಷ್ಟು ಸಾಕು," ಎಂದು ನಕ್ಕುಬಿಟ್ಟರು.

ಅದೇ ಮಳಿಗೆಯ ಮೇಲಿನ ಅಂತಸ್ತಿನಲ್ಲಿ ಹಿಮದ ಆಟದ ಸಾಮಾನಿನ ವಿಭಾಗವಿತ್ತು. ಹೊರಗೆ ಕಾರಿನ ಬಾಗಿಲ ಹಿಡಿ ಮುಟ್ಟಲಾಗದ ಬಿಸಿಲು. ಒಳಗೆ ಗೋಡೆಯುದ್ದಕ್ಕೂ ದಪ್ಪ ಜಾಕೆಟ್ಟು, ಉಣ್ಣೆಯ ಟೋಪಿ, ಉದ್ದುದ್ದ ಹಲಗೆಗಳು. ಕಾಲಿಗೊಂದರಂತೆ ಎರಡು ಹಲಗೆಯಾದರೆ ಸ್ಕೀ, ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದು ಅಡ್ಡ ನಿಂತರೆ ಸ್ನೋಬೋರ್ಡ್. ಹೊಸಬರಿಗೆ ನಗು ಬರುತ್ತಿತ್ತು. ಆದರೆ ಕತಾರಿನ ಎಷ್ಟೋ ಕುಟುಂಬಗಳು ಶಾಲೆಯ ರಜೆಗೆ ಲೆಬನಾನಿಗೋ ಸ್ವಿಟ್ಜರ್ಲೆಂಡಿಗೋ ಹೋಗಿ ಹಿಮದಲ್ಲಿ ಜಾರಿ ಬರುತ್ತಿದ್ದರು. ಸಾಮಾನು ಕೊಳ್ಳುತ್ತಿದ್ದುದು ಇಲ್ಲಿ.

ಆ ವಿಭಾಗದ ಮುಖ್ಯಸ್ಥರು ಲೆಬನಾನಿನ ಎಲಿಯಾಸ್. ಐವತ್ತು ದಾಟಿದ, ಬೆಟ್ಟದ ಊರಲ್ಲಿ ಹುಟ್ಟಿ ಬೆಳೆದ ಮನುಷ್ಯ. ಅವರಿಗೆ ಒಂದು ದೊಡ್ಡ ತೊಂದರೆಯಿತ್ತು: ಕತಾರಿ ಹೆಂಗಸರ ಕಾಲನ್ನು ಗಂಡಸು ಮುಟ್ಟುವ ಹಾಗಿಲ್ಲ. ಆದ್ದರಿಂದ ಹೆಂಗಸರು ಮನೆಯಲ್ಲೇ ಕುಳಿತು ತಮ್ಮ ಚಪ್ಪಲಿಯನ್ನು ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದರು. "ಇದೇ ಅಳತೆ, ಯಲ್ಲಾ, ಕೊಡಿ" ಎಂದು ಡ್ರೈವರ್ ಚಪ್ಪಲಿಯನ್ನು ಮೇಜಿನ ಮೇಲಿಡುತ್ತಿದ್ದ. ಚಪ್ಪಲಿ ನೋಡಿ ಸ್ಕೀ ಬೂಟು ಕೊಡುವುದೆಂದರೆ ಬಳೆಯನ್ನು ನೋಡಿ ರವಿಕೆ ಹೊಲಿದ ಹಾಗೆ. ರಜೆ ಮುಗಿದು ಬಂದ ಮೇಲೆ ದೂರುಗಳ ಸುರಿಮಳೆ. ಒಂದು ದಿನ ಎಲಿಯಾಸ್ ಕೆಳಗಿಳಿದು ಬಂದು, ನಾನು ಮಗುವೊಂದಕ್ಕೆ ಶೂ ಹಾಕುವುದನ್ನು ಸ್ವಲ್ಪ ಹೊತ್ತು ನೋಡಿ, "ನಿನಗೆ ಕಾಲು ಮುಟ್ಟಲು ಹೇಸಿಗೆಯಿಲ್ಲ. ನಾಳೆಯಿಂದ ಮೇಲೆ ಬಾ," ಎಂದರು. ಅವರ ಮಾತು ಇಂಗ್ಲಿಷಿಗೆ ಅರಬಿ ಬೆರೆಸಿದ್ದು. ನಾನಿಲ್ಲಿ ಕನ್ನಡ ಮಾಡಿದ್ದೇನೆ.

ಮರುದಿನ ಅವರು ಕಲಿಸಿದ ಮೊದಲ ಪಾಠ ನನಗೆ ಇವತ್ತಿಗೂ ಮೀನಖಂಡದಲ್ಲಿ ನೆನಪಿದೆ. ಒಂದು ಜೊತೆ ಸ್ಕೀ ಬೂಟು ತಂದು ನನ್ನ ಕಾಲಿಗೆ ಬಿಗಿದು, "ಇವತ್ತೆಲ್ಲ ಇದರಲ್ಲೇ ನಿಂತು ಕೆಲಸ ಮಾಡು," ಎಂದರು. ರೆನಿಟಾ, ಸ್ಕೀ ಬೂಟು ಎಂದರೆ ನಮ್ಮ ಶೂಗಳ ಹಾಗಲ್ಲ. ಹೊರಗೆ ಬಕೇಟಿನಂಥ ಗಟ್ಟಿ ಪ್ಲಾಸ್ಟಿಕ್ ಕವಚ, ಒಳಗೆ ಮೆತ್ತನೆಯ ಒಳಬೂಟು, ಮುಂದೆ ಸಾಲಾಗಿ ಬಕಲುಗಳು. ಕಣಕಾಲು ಅತ್ತಿತ್ತ ಅಲುಗುವುದಿಲ್ಲ; ಮೊಣಕಾಲು ಮುಂದಕ್ಕೆ ಬಾಗಿಸಿಯೇ ನಿಲ್ಲಬೇಕು. ನಾನು ಧಡಕ್ ಧಡಕ್ ಎಂದು ನಡೆಯುವುದನ್ನು ಕಂಡು ವರ್ಕ್‌ಶಾಪಿನ ಸದಾನಂದಣ್ಣ ಹೊರಗೆ ಬಂದು ನಿಂತರು. ಮೂಲ್ಕಿ ಕಡೆಯವರು, ಹಲಗೆಗಳಿಗೆ ಬೂಟು ಹಿಡಿಸುವ ಕೊಂಡಿಗಳನ್ನು ಜೋಡಿಸುವ ಮೆಕ್ಯಾನಿಕ್. ಊರಲ್ಲಿ ಕ್ರಿಸ್ತಿಯನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು 'ಬಾಯಿ' ಎನ್ನುತ್ತಿದ್ದರು.

"ಎಂತ ಬಾಯಿ ಇದು, ಬಸುರಿ ಬಾತುಕೋಳಿ ಹೋದ ಹಾಗೆ ಹೋಗ್ತಾ ಇದ್ದೀರಿ ಮಾರಾಯ್ರೆ!"

"ನಗಬೇಡಿ. ನಿಮಗೂ ಒಂದು ಜೊತೆ ಹಾಕ್ಲಿಕ್ಕೆ ಹೇಳ್ತೇನೆ," ಎಂದೆ.

"ನನಗೆ ಆಗಿದೆ. ಹೊಸತರಲ್ಲಿ ನನ್ನನ್ನು ಇದರಲ್ಲೇ ಮೆಟ್ಟಿಲು ಹತ್ತಿಸಿದ್ದಾರೆ ಪುಣ್ಯಾತ್ಮ."

ಸಂಜೆ ಬೂಟು ಬಿಚ್ಚಿದಾಗ ಎಲಿಯಾಸ್ ಕೇಳಿದ್ದು ಒಂದೇ ಪ್ರಶ್ನೆ: ಎಲ್ಲೆಲ್ಲಿ ನೋವು? ಹೆಬ್ಬೆರಳ ಬುಡದಲ್ಲಿ ಒತ್ತಿದೆ, ಆದರೆ ಹಿಮ್ಮಡಿ ಸಡಿಲ, ಮೇಲೇಳುತ್ತದೆ ಎಂದೆ. "ಚಿಕ್ಕವಳಿದ್ದಾಗ ಬರಿಗಾಲಲ್ಲಿ ಓಡಾಡಿದ್ದೀಯಾ?" ಎಂದರು. ಹೌದು ಎಂದೆ. "ಅದಕ್ಕೇ ಮುಂಗಾಲು ಹರಡಿದೆ, ಹಿಮ್ಮಡಿ ಕಿರಿದು. ನಿನಗೆ ಕೊಟ್ಟದ್ದು ನಿನ್ನ ಬೂಟಲ್ಲ. ಗಿರಾಕಿಗೆ ತಪ್ಪು ಬೂಟು ಕೊಟ್ಟರೆ ಅವರಿಗೆ ಏನಾಗುತ್ತದೆ ಎಂದು ಇನ್ನು ನಿನಗೆ ನಾನು ಹೇಳಬೇಕಾಗಿಲ್ಲ." ಆ ಒಂದು ದಿನದ ನೋವಿಗೆ ನಾನು ಋಣಿ. ಆಮೇಲೆ ಯಾರಾದರೂ ಹುಬ್ಬು ಗಂಟಿಕ್ಕಿದರೆ ಸಾಕು, ಎಲ್ಲಿ ಒತ್ತುತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು.

ವಿಭಾಗ ಆಗಿನ್ನೂ ಹೊಸತು. ಮೊದಲ ವರ್ಷ ಯುರೋಪಿನಿಂದ ಬಂದ ಹಲಗೆಗಳ ಪೆಟ್ಟಿಗೆಗಳ ಮೇಲೆ ಬರೀ 'ಸ್ಕೀ' ಎಂದಿತ್ತಂತೆ. ದೋಹಾದಲ್ಲಿ ಸ್ಕೀ ಎಂದರೆ ಯಾರಿಗಾದರೂ ನೀರಿನ ಮೇಲೆ ಜಾರುವ ವಾಟರ್ ಸ್ಕೀ, ಸಮುದ್ರವೇ ನೆನಪಾಗುವುದು. ಗೋದಾಮಿನವರು ಎಲ್ಲವನ್ನೂ ಬೋಟು, ಲೈಫ್ ಜಾಕೆಟ್ಟುಗಳ ವಿಭಾಗಕ್ಕೆ ಕಳಿಸಿಬಿಟ್ಟರು. ಅಲ್ಲಿನವರು ಶ್ರದ್ಧೆಯಿಂದ ಅವನ್ನು ಗಾಳಿ ತುಂಬಿದ ದೋಣಿಯ ಪಕ್ಕ ನಿಲ್ಲಿಸಿ, ಪ್ಲಾಸ್ಟಿಕ್ ಡಾಲ್ಫಿನ್ನುಗಳಿಂದ ಅಲಂಕರಿಸಿದರು. ಎಲಿಯಾಸ್ ಇತ್ತ ಕಡೆ ಸಾಮಾನು ಬಂದಿಲ್ಲವೆಂದು ದಿನಾ ಬಂದರಿಗೆ ಫೋನು ಮಾಡಿ ಬೈಯುತ್ತಿದ್ದರು. ಕೊನೆಗೆ ಗಿರಾಕಿಯೊಬ್ಬರು ಮೇಲೆ ಬಂದು, "ಆ ನೀರಿನ ಹಲಗೆಗಳಿಗೆ ಅಂಚಿನಲ್ಲಿ ಕಬ್ಬಿಣ ಯಾಕೆ? ಮುಳುಗುವುದಿಲ್ಲವೇ?" ಎಂದು ಕೇಳಿದಾಗಲೇ ವಿಷಯ ಬಯಲಾದದ್ದು. ಸದಾನಂದಣ್ಣ ಈ ಕಥೆ ಹೇಳುವಾಗಲೆಲ್ಲ ಡಾಲ್ಫಿನ್ನುಗಳ ಸಂಖ್ಯೆ ಹೆಚ್ಚುತ್ತ ಹೋಗುತ್ತಿತ್ತು.

ಈಗ ಕೆಲಸದ ಮಾತು. ರೆನಿಟಾ, ಬಂದವರು ಮೊದಲು ಕಣ್ಣು ಹಾಕುವುದು ಹಲಗೆಯ ಬಣ್ಣದ ಮೇಲೆ. ನೀನು ಅವರನ್ನು ಮೊದಲು ಬೆಂಚಿನ ಮೇಲೆ ಕೂರಿಸು. ಬೂಟು ಮೊದಲು, ಹಲಗೆ ಆಮೇಲೆ. ಕಾಲಿನ ಅಳತೆಯನ್ನು ನಿಲ್ಲಿಸಿಯೇ ತೆಗೆ. ಭಾರ ಬಿದ್ದಾಗ ಪಾದ ಉದ್ದವಾಗುತ್ತದೆ. ಒಳಬೂಟನ್ನು ಹೊರಗೆ ತೆಗೆದು ಖಾಲಿ ಕವಚದಲ್ಲಿ ಕಾಲಿಡಿಸು. ಬೆರಳ ತುದಿ ಮುಂದಕ್ಕೆ ತಾಗಿದಾಗ ಹಿಮ್ಮಡಿಯ ಹಿಂದೆ ನಿನ್ನ ಬೆರಳು ಒಂದು ಹೋಗಬೇಕು, ಹೆಚ್ಚೆಂದರೆ ಎರಡು. ಅದಕ್ಕಿಂತ ಜಾಗವಿದ್ದರೆ ಬೂಟು ದೊಡ್ಡದು. ಒಳಬೂಟು ಸೇರಿಸಿ ಬಿಗಿದ ಮೇಲೆ ನೆಟ್ಟಗೆ ನಿಂತರೆ ಬೆರಳು ಮುಂದೆ ಮೆಲ್ಲಗೆ ಸವರಬೇಕು. ಮೊಣಕಾಲು ಬಾಗಿಸಿದರೆ ಹಿಂದೆ ಸರಿಯಬೇಕು. ಕಾಲುಚೀಲ ಒಂದೇ ಜೊತೆ, ತೆಳುವಾದದ್ದು. ಚಳಿಯೆಂದು ಎರಡು ಹಾಕಿದರೆ ರಕ್ತ ಓಡಾಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ.

ಈ ಮಾತನ್ನು ನಂಬಿಸುವುದೇ ಅರ್ಧ ಕೆಲಸ. ನಮ್ಮೂರಿನ ಹಾಗೆ ಅಲ್ಲಿಯೂ ತಾಯಂದಿರು ಮಕ್ಕಳಿಗೆ ಒಂದು ಅಳತೆ ದೊಡ್ಡದೇ ಬೇಕೆನ್ನುತ್ತಾರೆ, ಮುಂದಿನ ವರ್ಷಕ್ಕೂ ಆಗಲಿ ಎಂದು. ನಾನು ವಾದಿಸುತ್ತಿರಲಿಲ್ಲ. ದೊಡ್ಡ ಬೂಟನ್ನೇ ತೊಡಿಸಿ, "ಈಗ ಹಿಮ್ಮಡಿ ಎತ್ತು ಮಗು," ಎನ್ನುತ್ತಿದ್ದೆ. ಬೂಟು ನೆಲದಲ್ಲೇ ಇದ್ದು ಹಿಮ್ಮಡಿ ಮೇಲೇಳುತ್ತಿದ್ದುದನ್ನು ತಾಯಿಯ ಕೈಯಿಂದಲೇ ಮುಟ್ಟಿಸಿ ತೋರಿಸಿದರೆ ಮಾತು ಬೇಕಾಗುತ್ತಿರಲಿಲ್ಲ.

ಹಲಗೆಯನ್ನು ನೆಟ್ಟಗೆ ನಿಲ್ಲಿಸಿದರೆ ಹೊಸಬರಿಗೆ ಅದರ ತುದಿ ಗದ್ದ ಮತ್ತು ಮೂಗಿನ ನಡುವೆ ಬರಲಿ. ಸ್ನೋಬೋರ್ಡಿಗೆ ಬಂದವರಾದರೆ ಯಾವ ಕಾಲು ಮುಂದೆ ಎಂದು ತಿಳಿಯಬೇಕು. ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ. ಹುಡುಗಿಯರನ್ನು ನಾನು ಕಾಲುಚೀಲದಲ್ಲಿ ನುಣುಪು ನೆಲದ ಮೇಲೆ ಓಡಿ ಜಾರಲು ಹೇಳುತ್ತಿದ್ದೆ. ಯಾವ ಕಾಲು ತಾನಾಗಿ ಮುಂದೆ ಬರುತ್ತದೋ ಅದೇ. ಹೆಂಗಸರಿಗೆಂದು ಕಟ್ಟಿದ ಪರದೆಯ ಹಿಂದೆ, ಕಪ್ಪು ನಿಲುವಂಗಿ ಅಬಾಯವನ್ನು ಎತ್ತಿ ಹಿಡಿದು ಅವರು ಕಿಲಕಿಲ ನಗುತ್ತ ಜಾರುತ್ತಿದ್ದರೆ ಅದು ಅಂಗಡಿಯೆಂಬುದೇ ಮರೆತುಹೋಗುತ್ತಿತ್ತು. ಹುಡುಗರ ಕಥೆ ಬೇರೆ. ಅವರು ಒಳ್ಳೆಯ ಬೋರ್ಡು ಕೊಂಡು ಮೆಸಯೀದಿನ ಆಚೆಯ ಮರಳಗುಡ್ಡದಿಂದ ಜಾರಿ, ತಳವೆಲ್ಲ ಕೆರೆದುಕೊಂಡು ತಂದು, "ಇದು ಹಾಳು ಮಾಲು, ಬದಲಿಸಿ," ಎನ್ನುತ್ತಿದ್ದರು. ಸದಾನಂದಣ್ಣ ಬೋರ್ಡನ್ನು ತಲೆಕೆಳಗೆ ಮಾಡಿ ಕುಟ್ಟಿದರೆ ಕೊಂಡಿಯೊಳಗಿಂದ ಸಣ್ಣ ಮರಳು ಮೇಜಿನ ಮೇಲೆ ಸುರಿಯುತ್ತಿತ್ತು. ಹುಡುಗರೂ ನಗುತ್ತಿದ್ದರು.

ನಗದೆ ಮಾಡುತ್ತಿದ್ದ ಕೆಲಸ ಒಂದಿತ್ತು: ಆ ಕೊಂಡಿಯ ಬಿಗಿ. ಬೈಂಡಿಂಗ್ ಎನ್ನುತ್ತಾರೆ. ಬಿದ್ದಾಗ ಅದು ಬೂಟನ್ನು ಬಿಟ್ಟುಕೊಡಬೇಕು. ಇಲ್ಲದಿದ್ದರೆ ಉದ್ದದ ಹಲಗೆ ತಿರುಚಿ ಕಾಲು ಮುರಿಯುತ್ತದೆ. ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಎಷ್ಟು ಬಲ್ಲವರು ಎಂಬುದನ್ನೆಲ್ಲ ನೋಡಿ ಬಿಗಿ ಗೊತ್ತುಮಾಡಬೇಕು. ಒಬ್ಬ ತರುಣ ಬಂದು, ಗೆಳೆಯನದಕ್ಕಿಂತ ತನ್ನದು ಕಡಿಮೆ ಇರಬಾರದು, ಹೆಚ್ಚಿಸಿ ಎಂದು ಹಟ ಹಿಡಿದ. ಆಗ ಮಳಿಗೆಗೆ ಹೊಸ ಮ್ಯಾನೇಜರ್ ಬಂದಿದ್ದರು. ಗಿರಾಕಿ ಕೇಳಿದ್ದನ್ನು ಕೊಟ್ಟು ಕಳಿಸಿ ಎಂದರು. ಎಲಿಯಾಸ್ ಸ್ಕ್ರೂಡ್ರೈವರನ್ನು ತಂದು ಮ್ಯಾನೇಜರರ ಕೈಯಲ್ಲಿಟ್ಟರು. "ನೀವೇ ತಿರುಗಿಸಿ. ನಾಳೆ ಅವನ ತಾಯಿ ಬಂದರೆ ತಿರುಗಿಸಿದ ಕೈ ಯಾವುದೆಂದು ನಾನು ತೋರಿಸುತ್ತೇನೆ." ಮ್ಯಾನೇಜರ್ ಅದನ್ನು ಹಿಂದಕ್ಕೆ ಕೊಟ್ಟರು. ಅವರನ್ನು ಕೆಟ್ಟವರೆಂದು ನಾನು ಹೇಳುವುದಿಲ್ಲ. ಆಮೇಲೆ ಎಷ್ಟೋ ಸಲ ನಮ್ಮ ಪರವಾಗಿ ನಿಂತವರೂ ಅವರೇ.

ಕಾಲ ಕಳೆದ ಹಾಗೆ ಕ್ರಮಗಳು ಬದಲಾದವು. ಒಳಬೂಟನ್ನು ಬಿಸಿ ಮಾಡಿ ಕಾಲಿನ ಆಕಾರಕ್ಕೇ ಕೂರಿಸುವ ಯಂತ್ರ ಬಂತು. ದುಬೈಯಲ್ಲಿ ಛಾವಣಿಯ ಕೆಳಗೇ ಹಿಮದ ಗುಡ್ಡ ಮಾಡಿದ ಮೇಲೆ ನಮ್ಮ ಕಡೆಯ ಜನರೂ, ಸಣ್ಣ ಸಂಬಳದವರೂ ಒಂದು ಜೊತೆ ಕೈಗವಸು ಕೊಳ್ಳಲು ಬಂದರು. ಇಂಟರ್ನೆಟ್ಟಿನಲ್ಲಿ ಓದಿಕೊಂಡು ಬಂದು ನಮಗೇ ಪಾಠ ಹೇಳುವವರು ಹೆಚ್ಚಿದರು. ನನಗೆ ಅದರಿಂದ ಬೇಸರವಾಗಲಿಲ್ಲ. ಓದಿಕೊಂಡು ಬಂದವರ ಹತ್ತಿರ ಮಾತು ಬೇಗ ಮುಗಿಯುತ್ತಿತ್ತು. ಕಾಲು ಮಾತ್ರ ಮೊದಲಿನ ಹಾಗೆಯೇ ಇತ್ತು. ಅದನ್ನು ಕೈಯಲ್ಲಿ ಹಿಡಿದೇ ನೋಡಬೇಕು.

ಇಷ್ಟು ವರ್ಷಗಳಲ್ಲಿ ನಾನು ತೊಡಿಸಿದ ಬೂಟುಗಳಲ್ಲಿ ಒಂದನ್ನು ಮಾತ್ರ ಬೇರೆಯಾಗಿ ಹೇಳಬೇಕು. ಎಲಿಯಾಸ್ ಇನ್ನೂ ಮಳಿಗೆಯಲ್ಲಿದ್ದ ಕಾಲ. ಉಮ್ ಹಮದ್ ಎಂಬ ಕತಾರಿ ಹೆಂಗಸು, ಎಂದರೆ ಹಮದನ ತಾಯಿ, ಮಗಳು ಅನೂದಳನ್ನು ಕರೆದುಕೊಂಡು ಬಂದರು. ಹುಡುಗಿಗೆ ಹದಿನಾರೋ ಹದಿನೇಳೋ. ಹಿಂದೆ ಅಣ್ಣಂದಿರ ಜೊತೆ ಚೆನ್ನಾಗಿ ಸ್ಕೀ ಮಾಡುತ್ತಿದ್ದವಳು. ಒಂದು ಕಾರು ಅಪಘಾತದಲ್ಲಿ ಬಲಗಾಲಿನ ಕಣಕಾಲು ಪುಡಿಯಾಗಿ, ಹಲವು ಆಪರೇಷನ್ನುಗಳಾಗಿದ್ದವು. ಈಗ ಕುಂಟದೆ ನಡೆಯುತ್ತಿದ್ದಳು, ಆದರೆ ಕಣಕಾಲು ಮಡಚುತ್ತಿರಲಿಲ್ಲ. ಪಕ್ಕದಲ್ಲಿ ಎಲುಬೊಂದು ಗೋಲಿಯ ಹಾಗೆ ಎದ್ದು ನಿಂತಿತ್ತು.

ಇದ್ದ ಬೂಟುಗಳಲ್ಲಿ ಯಾವುದಕ್ಕೂ ಆ ಕಾಲು ಇಳಿಯಲಿಲ್ಲ. ಸ್ಕೀ ಬೂಟಿನೊಳಗೆ ಕಾಲು ತೂರಿಸಬೇಕಾದರೆ ಕಣಕಾಲು ಸ್ವಲ್ಪವಾದರೂ ಬಾಗಬೇಕು. ಅನೂದ್ ತುಟಿ ಕಚ್ಚಿ ತಳ್ಳಿದಳು, ಬೆವರಿದಳು. "ಸ್ವಲ್ಪ ತಡಿ," ಎಂದು ನಾನೇ ನಿಲ್ಲಿಸಿದೆ. ಅವಳು ಎದ್ದು ಹಿಮದ ಕನ್ನಡಕ ನೋಡುವ ನೆಪದಲ್ಲಿ ಆಚೆ ಹೋದಾಗ ಉಮ್ ಹಮದ್ ನನ್ನ ಮುಂಗೈ ಹಿಡಿದರು. ಮುರುಕು ಹಿಂದಿ, ಅರಬಿ ಬೆರೆಸಿ ಪಿಸುದನಿಯಲ್ಲಿ, "ನೀನೂ ತಾಯಿ ತಾನೆ? ಈ ಕಾಲಿಗೆ ಬೂಟು ಮಾಫಿ, ಇಲ್ಲವೇ ಇಲ್ಲ ಅಂತ ಹೇಳಿಬಿಡು. ನಾನು ಹೇಳಿದರೆ ಕೇಳುವುದಿಲ್ಲ. ಅಂಗಡಿಯವರು ಹೇಳಿದರೆ ಖಲಾಸ್, ಸುಮ್ಮನಾಗುತ್ತಾಳೆ," ಎಂದರು.

ನನಗೆ ಆ ಕೈಯನ್ನು ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಮೆಸಯೀದಿನ ಬಸ್ಸು ತಡವಾದ ದಿನಗಳಲ್ಲಿ ವಿಲ್ಫ್ರೆಡರಿಗಾಗಿ ಕಿಟಕಿಗೂ ಬಾಗಿಲಿಗೂ ಓಡಾಡಿದವಳು ನಾನು. ಇಲ್ಲ ಎಂದುಬಿಟ್ಟರೆ ಒಬ್ಬ ತಾಯಿಗೆ ನಿದ್ರೆ ಬರುತ್ತದೆ. ಅತ್ತ ನೋಡಿದರೆ ಹುಡುಗಿ ಕನ್ನಡಕವನ್ನು ಕೈಯಲ್ಲಿ ಹಿಡಿದಿದ್ದಳೇ ಹೊರತು ನೋಡುತ್ತಿರಲಿಲ್ಲ. ನಮ್ಮ ಕಡೆಗೇ ಕಿವಿಯಿಟ್ಟಿದ್ದಳು. "ಮಾಮಾ, ಒಂದು ನಿಮಿಷ," ಎಂದು ಉಮ್ ಹಮದರಿಗೆ ಹೇಳಿ (ಅಲ್ಲಿ ದೊಡ್ಡ ಮನೆಯ ಹೆಂಗಸರನ್ನು ಕರೆಯುವುದು ಹಾಗೆ), ಎಲಿಯಾಸರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಗದರಲಿಲ್ಲ. "ನಾವು ಡಾಕ್ಟರಲ್ಲ, ಹೋಗಬಹುದು ಎನ್ನಲು. ಖಾಜಿಯೂ ಅಲ್ಲ, ಹೋಗಬಾರದು ಎನ್ನಲು. ಈ ಕಾಲಿಗೆ ಬೂಟು ಮಾಡಬಹುದೇ, ಆಗದೇ? ಅಷ್ಟು ಹೇಳು."

"ಇವತ್ತು ಇಲ್ಲ. ಪ್ರಯತ್ನಪಟ್ಟರೆ ಆಗಬಹುದೇನೋ," ಎಂದೆ.

"ಹಾಗಾದರೆ ಅದನ್ನೇ ಹೇಳು."

ಹಿಂದಕ್ಕೆ ಬಂದು ತಾಯಿ ಮಗಳು ಇಬ್ಬರೆದುರೂ ಅದನ್ನೇ ಹೇಳಿದೆ. ಮೊದಲು ಅವಳ ಡಾಕ್ಟರು ಒಪ್ಪಬೇಕು, ಅವರು ಬೇಡವೆಂದರೆ ನಾವು ಬೂಟು ಕೊಡುವುದಿಲ್ಲ ಎಂದೆ. ಉಮ್ ಹಮದರ ಮುಖ ಸ್ವಲ್ಪ ತಿಳಿಯಾಯಿತು. ಡಾಕ್ಟರು ಒಪ್ಪುವುದಿಲ್ಲವೆಂದು ಅವರಿಗೆ ಖಾತ್ರಿಯಿತ್ತು. ಆದರೆ ಡಾಕ್ಟರು ಒಪ್ಪಿದರು. ಸಣ್ಣ ಇಳಿಜಾರು ಮಾತ್ರ, ಪಕ್ಕದಲ್ಲಿ ಕಲಿಸುವವರು ಇರಲೇಬೇಕು, ನೋವಾದರೆ ಅಲ್ಲಿಗೇ ನಿಲ್ಲಿಸಬೇಕು.

ಅಲ್ಲಿಂದ ರಜೆ ಬರುವವರೆಗೆ ಅವರು ಮತ್ತೆ ಮತ್ತೆ ಅಂಗಡಿಗೆ ಬಂದರು. ಮಡಚದ ಕಣಕಾಲು ಬೂಟಿನೊಳಗೆ ಹಿಮ್ಮಡಿಯನ್ನು ಎತ್ತುತ್ತಿತ್ತು. ಅದರ ಕೆಳಗೆ ಗಟ್ಟಿ ಮೆತ್ತೆ ಕತ್ತರಿಸಿ ಇಟ್ಟೆವು. ಬಾಗಲು ಹಗುರಾದ, ನೆಟ್ಟಗೆ ನಿಲ್ಲುವ ಮಾದರಿ ಆರಿಸಿದೆವು. ಎಲುಬು ತಾಗುವ ಜಾಗಕ್ಕೆ ನಾನು ಲಿಪ್‌ಸ್ಟಿಕ್ ಹಚ್ಚಿ ಒಳಗೆ ಗುರುತು ಬೀಳಿಸಿದೆ; ಸದಾನಂದಣ್ಣ ಆ ಗುರುತಿನಲ್ಲಿ ಕವಚವನ್ನು ಬಿಸಿ ಮಾಡಿ ಹೊರಕ್ಕೆ ಉಬ್ಬಿಸಿದರು. ಒಂದು ಸಲ ಕಡಿಮೆಯಾಯಿತು, ಮತ್ತೆ ಬಿಸಿ ಮಾಡಿದರು. "ಬಾಯಿ, ನನ್ನ ಮಗಳ ಬಳೆಗೂ ನಾನು ಇಷ್ಟು ಸಲ ಪೇಟೆಗೆ ಹೋಗಲಿಲ್ಲ," ಎಂದು ಗೊಣಗಿದರೂ ಕೈ ನಿಲ್ಲಿಸಲಿಲ್ಲ.

ಉಳಿದದ್ದು ಕಾಲು ಒಳಗೆ ಹೋಗುವ ಸಮಸ್ಯೆ. ಕೂದಲು ಒಣಗಿಸುವ ಯಂತ್ರದಿಂದ ಬೂಟಿನ ಮೇಲ್ಭಾಗಕ್ಕೆ ಬಿಸಿಗಾಳಿ ಹಾಯಿಸಿ ಮೆದು ಮಾಡಿ, ಎರಡೂ ಕೈಯಿಂದ ಅಗಲಿಸಿ ಹಿಡಿದರೆ ಪಾದ ಇಳಿಯುತ್ತಿತ್ತು. ಆದರೆ ಹಿಡಿಯಲು ಇನ್ನೊಬ್ಬರು ಬೇಕು. ಅಲ್ಲಿ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ಯಾರು? "ಅಣ್ಣಂದಿರು ನನಗಿಂತ ಮೊದಲೇ ಬೆಟ್ಟಕ್ಕೆ ಓಡಿರುತ್ತಾರೆ," ಎಂದಳು ಅನೂದ್. ಮನೆಯ ಕೆಲಸದವಳನ್ನು ಕಳಿಸಿ, ಅವಳಿಗೆ ಕಲಿಸುತ್ತೇನೆ ಎಂದೆ. ಉಮ್ ಹಮದ್ ಕೈಯ ಉಂಗುರಗಳನ್ನು ಒಂದೊಂದಾಗಿ ತೆಗೆದು ಚೀಲಕ್ಕೆ ಹಾಕಿದರು. ಅಬಾಯ ಮಡಚಿಕೊಂಡು ನನ್ನ ಪಕ್ಕ ನೆಲದ ಮೇಲೆ ಕುಳಿತು, "ನನಗೆ ತೋರಿಸು," ಎಂದರು.

ತೋರಿಸಿದೆ. ಮೊದಲ ಸಲ ಅವರ ಕೈಗೆ ಬಲ ಸಾಲಲಿಲ್ಲ. "ಯುಮ್ಮಾ, ಇನ್ನೂ ಅಗಲ!" ಎಂದು ಮಗಳು ಕೂಗಿದಳು. ಇನ್ನೊಂದು ಸಲ ಪಾದ ಅರ್ಧಕ್ಕೆ ನಿಂತಿತು. ಅವರು ಮಗಳ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಅರಬಿಯಲ್ಲಿ ಏನೋ ಪ್ರಾರ್ಥನೆ ಹೇಳುತ್ತ ಮೆಲ್ಲನೆ ತಿರುಗಿಸಿದರು. ಪಾದ ಇಳಿದು ಕೂತಿತು. ಅಪಘಾತದ ನಂತರ ಆ ಕಾಲನ್ನು ಮುಟ್ಟಲು ತನಗೆ ಭಯವಾಗುತ್ತಿತ್ತು ಎಂದು ಆ ದಿನ ನನ್ನ ಕಿವಿಯಲ್ಲಿ ಹೇಳಿದರು. ಬಿಚ್ಚುವುದನ್ನೂ ಕಲಿತೇ ಎದ್ದರು. ಬೈಂಡಿಂಗಿನ ಬಿಗಿಯನ್ನು ಎಲಿಯಾಸ್ ತಾವೇ ನೋಡಿದರು. ಅನೂದ್ ಹಿಂದೆ ಚೆನ್ನಾಗಿ ಬಲ್ಲವಳಾಗಿದ್ದರೂ ಹೊಸಬಳ ಲೆಕ್ಕಕ್ಕೇ ಇಟ್ಟರು.

ಅವರು ಹೊರಟುಹೋದ ಮೇಲೆ ನನಗೆ ಸಮಾಧಾನವಿರಲಿಲ್ಲ. ಐನ್ ಖಾಲಿದಿನ ಮನೆಯಲ್ಲಿ ಅಡುಗೆ ಮಾಡುವಾಗಲೂ ಆ ಕಣಕಾಲೇ ಕಣ್ಣೆದುರು. ಇಲ್ಲ ಎಂದುಬಿಡಬೇಕಿತ್ತೇ ಎಂದು ವಿಲ್ಫ್ರೆಡರನ್ನು ಕೇಳಿದೆ. "ನೀನು ಹೋಗು ಎನ್ನಲಿಲ್ಲ, ಬೂಟು ಸರಿ ಮಾಡಿದೆ. ಈಗ ಪ್ರಾರ್ಥನೆ ಮಾಡು," ಎಂದರು.

ರಜೆ ಮುಗಿದ ಮೇಲೆ ಒಂದು ಮಧ್ಯಾಹ್ನ ಉಮ್ ಹಮದ್ ಒಬ್ಬರೇ ಮೆಟ್ಟಿಲು ಹತ್ತಿ ಬಂದರು. ಜೊತೆಗೆ ಮಗಳಿರಲಿಲ್ಲ. ನಾನು ಕೈಯಲ್ಲಿದ್ದ ಬೂಟಿನ ಪೆಟ್ಟಿಗೆಯನ್ನು ಕೆಳಗಿಟ್ಟೆ. ಎಲಿಯಾಸ್ ಕೂಡ ಕೈಯಲ್ಲಿದ್ದ ಚಹಾ ಕೆಳಗಿಟ್ಟರು.

"ಬಿದ್ದಳು," ಎಂದರು ಉಮ್ ಹಮದ್. "ನನ್ನ ಕಣ್ಣೆದುರೇ ಬಿದ್ದಳು. ನಾನು ಬೇಲಿಯ ಹತ್ತಿರ ನಿಂತಿದ್ದೆ."

"ಕಾಲು?" ಎಂದೆ.

"ಹಲಗೆ ಒಂದು ಕಡೆ ಹೋಯಿತು, ಅವಳು ಒಂದು ಕಡೆ. ಬೂಟು ಅದರಿಂದ ಬಿಟ್ಟುಕೊಂಡಿತು. ನಾನು ಕಿರುಚಿದೆ. ಅವಳು ಎದ್ದು ಕೂತು, ಬಾಯಿಯೊಳಗಿನ ಹಿಮ ಉಗಿದು, ನನ್ನನ್ನು ನೋಡಿ ನಕ್ಕಳು." ಅವರು ಚೀಲವನ್ನು ಮೇಜಿನ ಮೇಲಿಟ್ಟರು. "ಅಪಘಾತ ಆದ ಮೇಲೆ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಮರುದಿನ ಮತ್ತೆ ಹೋದಳು. ಅದರ ಮರುದಿನವೂ. ಬೆಳಿಗ್ಗೆ ನಾನೇ ಬೂಟು ಹಾಕಿದೆ. ಈಗ ಶಾಲೆಯಲ್ಲಿದ್ದಾಳೆ."

ಎಲಿಯಾಸ್ ಅರಬಿಯಲ್ಲಿ ದೇವರನ್ನು ನೆನೆದು, ಮೂಗು ಒರೆಸಿಕೊಳ್ಳುತ್ತ ವರ್ಕ್‌ಶಾಪಿನ ಕಡೆ ಹೋದರು. ಸದಾನಂದಣ್ಣನಿಗೆ ಸುದ್ದಿ ಹೇಳುವ ಅವರ ದೊಡ್ಡ ದನಿ ಇಲ್ಲಿಯವರೆಗೂ ಕೇಳಿಸಿತು.

ನಾನು ಉಮ್ ಹಮದರಿಗೆ ನೀರು ತಂದುಕೊಟ್ಟೆ. ಅವರು ಕುಡಿದು, ಪರದೆಯ ಹಿಂದಿನ ಬೆಂಚಿನ ಮೇಲೆ ಹೋಗಿ ಕುಳಿತರು. ಈ ಸಲ ಉಂಗುರಗಳನ್ನು ತೆಗೆಯಲಿಲ್ಲ. ಬಗ್ಗಿ ತಮ್ಮ ಚಪ್ಪಲಿಯನ್ನು ಬಿಚ್ಚಿ ಬದಿಗಿಟ್ಟು, ಗೋರಂಟಿ ಮಾಸಿದ, ಹಿಮ್ಮಡಿ ಒಡೆದ ಬಲಗಾಲನ್ನು ನನ್ನ ಕಡೆ ಚಾಚಿದರು.

"ಇಷ್ಟು ವರ್ಷ ಹೋಟೆಲಿನ ಕಿಟಕಿಯಲ್ಲಿ ಕೂತು ಕಹ್ವಾ ಕುಡಿದದ್ದು ಸಾಕು," ಎಂದರು. "ನನ್ನ ಕಾಲು ನೋಡು. ಈ ಮುದುಕಿಗೆ ಬೂಟು ಇದೆಯೋ, ಮಾಫಿಯೋ? ನಿಜ ಹೇಳು."

ನಾನು ಅಳತೆಯ ಹಲಗೆ ತಂದು ನೆಲದ ಮೇಲಿಟ್ಟು, ಅವರ ಹಿಮ್ಮಡಿಯನ್ನು ಅದರ ಹಿಂಬದಿಗೆ ಒತ್ತಿ ಹಿಡಿದೆ.

"ಎದ್ದು ನಿಲ್ಲಿ ಮಾಮಾ," ಎಂದೆ. "ನನ್ನ ಹೆಗಲು ಹಿಡಿದುಕೊಳ್ಳಿ, ಪೂರ್ತಿ ಭಾರ ಹಾಕಿ."